ಬಾಯಿಚಪಲವೋ, ಗೀಳೋ, ಚಟವೋ: ತಿನ್ನುವ ತುಡಿತವನ್ನು ಅರಿತು ನಿಭಾಯಿಸುವ ಬಗೆ

ಊಟ ಮುಗಿದು ಗಂಟೆಯೂ ಆಗಿರುವುದಿಲ್ಲ. ಹೊಟ್ಟೆ ತುಂಬಿದೆ ಎಂಬುದೂ ಗೊತ್ತು. ಆದರೂ ಡಬ್ಬಿಯಲ್ಲಿರುವ ಬಿಸ್ಕತ್ತು ತಲೆಯಿಂದ ಇಳಿಯುವುದಿಲ್ಲ. ಎದ್ದು ಹೋಗಿ ಎರಡು ತಿಂದರೆ ನಾಲ್ಕು ಬೇಕೆನಿಸುತ್ತದೆ, ನಾಲ್ಕು ತಿಂದ ಮೇಲೆ ಪೊಟ್ಟಣ ಮುಗಿಸಿಬಿಡೋಣ ಎನಿಸುತ್ತದೆ. ಹೀಗೆ ಯಾವುದೋ ಒಂದು ತಿನಿಸಿನ ಮೇಲೆಯೇ ಕಟ್ಟಿಕೊಳ್ಳುವ, ತಡೆಯಲು ಕಷ್ಟವಾಗುವ ಬಯಕೆಯನ್ನು ಇಲ್ಲಿ ತುಡಿತ ಎಂದು ಕರೆಯೋಣ.

ಕನ್ನಡದಲ್ಲಿ ಇದರ ಒಂದೊಂದು ಮಟ್ಟಕ್ಕೂ ಒಂದೊಂದು ಹೆಸರಿದೆ. ಹಸಿವು ಹೊಟ್ಟೆಯದು. ಚಪಲ ನಾಲಿಗೆಯದು, ಬಂದು ಹೋಗುತ್ತದೆ. ಗೀಳು ಮನಸ್ಸಿನಲ್ಲಿ ಕೂತುಬಿಡುತ್ತದೆ. ಕೇಡಾಗುತ್ತಿದೆ ಎಂದು ತಿಳಿದೂ ಬಿಡಲಾಗದ್ದು ಚಟ. ಎಷ್ಟೋ ಜನ ಈ ನಾಲ್ಕನ್ನೂ ಒಂದೇ ಗಂಟು ಕಟ್ಟಿ, "ನನಗೆ ಮನಸ್ಸಿನ ಹಿಡಿತವೇ ಇಲ್ಲ" ಎಂದುಕೊಳ್ಳುತ್ತಾರೆ, ಮರುದಿನದಿಂದ ಊಟ ಕಡಿಮೆ ಮಾಡುತ್ತಾರೆ. ಕೆಲಸ ಕೆಡುವುದು ಅಲ್ಲೇ. ಬಹುಪಾಲು ಜನರಲ್ಲಿ ತುಡಿತ ಇಳಿಯಲು ಮೊದಲು ಬೇಕಾದದ್ದು ಹೊತ್ತುಹೊತ್ತಿಗೆ ಸಾಕಷ್ಟು ತಿನ್ನುವುದು. ಉಳಿದದ್ದೆಲ್ಲ ಅದಾದ ಮೇಲೆ.

ಶುರು ಮಾಡುವ ಮುಂಚೆ

ಕೆಳಗಿನ ಹೆಜ್ಜೆಗಳು ಎಲ್ಲರಿಗೂ ಹೊಂದುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಸಕ್ಕರೆಕಾಯಿಲೆ ಮಾತ್ರೆ ನುಂಗುವವರು ಒಂದು ಮಾತು ನೆನಪಿಡಬೇಕು: ಬೆವರು, ಕೈನಡುಕ, ಎದೆಬಡಿತದ ಜೊತೆ ಏಕಾಏಕಿ ಸಿಹಿ ಬೇಕೆನಿಸಿದರೆ ಅದನ್ನು ತಡೆದು ಕೂರುವಂತಿಲ್ಲ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗೆ ಇಳಿದಿರಬಹುದು. ಕೂಡಲೇ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ, ಅಂದರೆ ಮೂರರಿಂದ ನಾಲ್ಕು ಟೀ ಚಮಚ, ನೀರಿನಲ್ಲಿ ಕದಡಿ ಕುಡಿದು 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿಕೊಳ್ಳಬೇಕು. ಗರ್ಭಿಣಿಯರು, ತೂಕ ತೀರಾ ಕಡಿಮೆ ಇರುವವರು, ತಿಂದದ್ದನ್ನು ಬೇಕೆಂದೇ ವಾಂತಿ ಮಾಡುವವರು ಸ್ವಂತ ಪ್ರಯೋಗಕ್ಕೆ ಇಳಿಯದೆ ನೇರವಾಗಿ ವೈದ್ಯರ ಬಳಿ ಹೋಗುವುದು ಒಳ್ಳೆಯದು.

ತುಡಿತ ಹುಟ್ಟುವ ಬಗೆ

"ದೇಹಕ್ಕೆ ಏನೋ ಕಮ್ಮಿಯಾಗಿದೆ, ಅದಕ್ಕೇ ಅದು ಕೇಳುತ್ತಿದೆ" ಎಂಬ ನಂಬಿಕೆ ಬಹಳ ಗಟ್ಟಿ. ಚಾಕೊಲೇಟ್ ಬೇಕೆನಿಸಿದರೆ ಮೆಗ್ನೀಸಿಯಂ ಕೊರತೆ ಎನ್ನುವ ಪಟ್ಟಿಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಬೀಜಗಳಲ್ಲಿ, ಕಾಳುಗಳಲ್ಲಿ, ಹಸಿರು ಸೊಪ್ಪಿನಲ್ಲಿ ಮೆಗ್ನೀಸಿಯಂ ಧಾರಾಳವಾಗಿದೆ, ಆದರೆ ನಡುರಾತ್ರಿ ಎದ್ದು ಸೊಪ್ಪು ಹುಡುಕುವವರಿಲ್ಲ. 1994ರಲ್ಲಿ ಮಿಚೆನರ್ ಮತ್ತು ರೋಜಿನ್ ಎಂಬ ಸಂಶೋಧಕರು ಇದನ್ನು ಸೊಗಸಾಗಿ ಪರೀಕ್ಷಿಸಿದರು. ಚಾಕೊಲೇಟಿಗಾಗಿ ತುಡಿಯುವವರಿಗೆ ಒಮ್ಮೆ ಹಾಲಿನ ಚಾಕೊಲೇಟ್, ಒಮ್ಮೆ ಕೋಕೋ ಪುಡಿಯಿಲ್ಲದ ಬಿಳಿ ಚಾಕೊಲೇಟ್, ಒಮ್ಮೆ ಕೋಕೋ ಪುಡಿ ತುಂಬಿದ ಕ್ಯಾಪ್ಸೂಲ್ ಕೊಟ್ಟು ನೋಡಿದರು. ಕ್ಯಾಪ್ಸೂಲಿನಿಂದ ತುಡಿತ ಇಳಿಯಲಿಲ್ಲ. ಬಿಳಿ ಚಾಕೊಲೇಟಿನಿಂದ ಒಂದಿಷ್ಟು ಇಳಿಯಿತು. ಪೂರಾ ತಣಿಸಿದ್ದು ನಿಜವಾದ ಚಾಕೊಲೇಟ್ ಮಾತ್ರ. ಅಂದರೆ ಬೇಕಾಗಿದ್ದುದು ಬಾಯಲ್ಲಿ ಕರಗುವ ಆ ಅನುಭವ.

ಇದಕ್ಕೊಂದು ಅಪವಾದವಿದೆ, ಅದನ್ನು ಹಗುರವಾಗಿ ಕಾಣಬಾರದು. ಐಸ್ ಕಡಿಯಬೇಕು, ಮಣ್ಣು, ಸುಣ್ಣ, ಹಸಿ ಪಿಷ್ಟ ತಿನ್ನಬೇಕು ಎಂಬ ಆಸೆ ಎಡೆಬಿಡದೆ ಇದ್ದರೆ ಕಬ್ಬಿಣದ ಕೊರತೆ ಇರುವ ಸಾಧ್ಯತೆ ಹೆಚ್ಚು. ಕೊರತೆ ತುಂಬಿದರೆ ಐಸಿನ ಆಸೆ ತಾನಾಗಿ ಬಿಟ್ಟುಹೋಗುವುದುಂಟು. ಎಷ್ಟು ಉಪ್ಪು ತಿಂದರೂ ಸಾಲದೆ, ಜೊತೆಗೆ ವಿಪರೀತ ಸುಸ್ತು, ತೂಕ ಇಳಿಕೆ, ಮೈಬಣ್ಣ ಕಪ್ಪಾಗುವುದು ಕಂಡರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ತೊಂದರೆ ಇದೆಯೇ ಎಂದು ನೋಡಿಸಬೇಕು.

ಉಳಿದ ತುಡಿತಗಳಲ್ಲಿ ಹೆಚ್ಚಿನವು ಕಲಿತವು. ಪಾವ್ಲೋವ್ ಅವರ ನಾಯಿಗಳು ಆಹಾರ ಬರುವ ಮುಂಚಿನ ಸೂಚನೆಗೇ ಜೊಲ್ಲು ಸುರಿಸುತ್ತಿದ್ದುದು ಎಲ್ಲರಿಗೂ ಗೊತ್ತು. ಸಂಜೆ ಟಿವಿ ಹಾಕಿದ ತಕ್ಷಣ ಕೈ ಚಿಪ್ಸ್ ಹುಡುಕುವುದೂ ಅದೇ ಪಾಠ. ನೂರು ಸಲ ಟಿವಿಯ ಬೆನ್ನಿಗೇ ಚಿಪ್ಸ್ ಬಂದಿದ್ದರೆ ನೂರೊಂದನೆಯ ಸಲ ಮಿದುಳು ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತದೆ. 1990ರ ದಶಕದಲ್ಲಿ ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಪಾಠ ಗಟ್ಟಿಯಾದ ಮೇಲೆ ಡೋಪಮೈನ್ ಎಂಬ ರಾಸಾಯನಿಕದ ಮೂಲಕ ಸಂದೇಶ ಕಳಿಸುವ ಮಿದುಳಿನ ನರಕೋಶಗಳು ಹಣ್ಣಿನ ರಸ ಸಿಕ್ಕಾಗ ಮಿಡಿಯುವುದನ್ನು ಬಿಟ್ಟು, ಅದರ ಸೂಚನೆ ಕಂಡಾಗಲೇ ಮಿಡಿಯತೊಡಗಿದವು. ಇನ್ನೊಬ್ಬ ನರವಿಜ್ಞಾನಿ ಕೆಂಟ್ ಬೆರಿಜ್ ಇನ್ನೊಂದು ಎಳೆಯನ್ನು ಬಿಡಿಸಿದರು: "ಬೇಕು" ಎನ್ನಿಸುವ ವ್ಯವಸ್ಥೆಯೂ "ರುಚಿಯಾಗಿದೆ" ಎನ್ನಿಸುವ ವ್ಯವಸ್ಥೆಯೂ ಮಿದುಳಿನಲ್ಲಿ ಬೇರೆಬೇರೆ. ಮೊದಲನೆಯದು ಎರಡನೆಯದನ್ನು ಬಿಟ್ಟು ತಾನೊಂದೇ ಬೆಳೆಯಬಲ್ಲದು. ಪೊಟ್ಟಣದ ಕೊನೆಯ ಹತ್ತು ತುಂಡು ರುಚಿಸದಿದ್ದರೂ ಕೈ ನಿಲ್ಲದಿರುವುದು ಇದರಿಂದಲೇ. ಅಂಥ ಹೊತ್ತಿನಲ್ಲಿ "ಇದು ಈಗ ನನಗೆ ನಿಜಕ್ಕೂ ರುಚಿಸುತ್ತಿದೆಯೇ?" ಎಂದು ಕೇಳಿಕೊಳ್ಳುವ ಪ್ರಶ್ನೆಗೆ ಬೆಲೆಯಿದೆ.

ಹೆಜ್ಜೆ 1: ಹಸಿವನ್ನು ಬೇರ್ಪಡಿಸಿ

ಮೊದಲು ಗಡಿಯಾರ ನೋಡಿ. ಹೊಟ್ಟೆಗೆ ಬಿದ್ದು ನಾಲ್ಕು ಗಂಟೆ ದಾಟಿದ್ದರೆ ಪರೀಕ್ಷೆಯ ಗೊಡವೆಯೇ ಬೇಡ, ಊಟ ಮಾಡಿ. ನಾಲ್ಕು ಗಂಟೆ ಆಗಿಲ್ಲವೆಂದರೆ ಒಂದೇ ಪ್ರಶ್ನೆ: ಸಾದಾ ಅನ್ನವೋ ಬ್ರೆಡ್ಡೋ, ಬೇಯಿಸಿದ ಕಾಳೋ ಮೊಟ್ಟೆಯೋ ಎದುರಿಗೆ ಬಂದರೆ ತಿನ್ನುತ್ತೀರಾ? ಹೌದಾದರೆ ಹಸಿವು. "ಅದೆಲ್ಲ ಬೇಡ, ಇದೇ ಬೇಕು" ಎಂದರೆ ತುಡಿತ. ಹಸಿವು ನಿಧಾನವಾಗಿ ಏರುತ್ತದೆ, ಹೊಟ್ಟೆಯಲ್ಲಿ ತಿಳಿಯುತ್ತದೆ, ಯಾವ ಊಟಕ್ಕೂ ತಣಿಯುತ್ತದೆ. ತುಡಿತ ಥಟ್ಟನೆ ಬರುತ್ತದೆ, ಬಾಯಲ್ಲಿ ಮತ್ತು ಕಣ್ಣೆದುರಿನ ಚಿತ್ರದಲ್ಲಿ ತಿಳಿಯುತ್ತದೆ.

ಎರಡೂ ಒಟ್ಟಿಗೆ ಇರುವುದೂ ಉಂಟು. ಆಗ ಹಸಿವಿನದೇ ಮೊದಲ ಸರದಿ. ಹಸಿದ ಹೊಟ್ಟೆಯಲ್ಲಿ ತುಡಿತದೊಡನೆ ಸೆಣಸಿ ಗೆಲ್ಲುವವರು ಬಹಳ ಕಡಿಮೆ.

ಹೆಜ್ಜೆ 2: ಏಳು ದಿನ ಬರೆದಿಡಿ

ಒಂದು ಸಣ್ಣ ನೋಟ್‌ಬುಕ್ ಸಾಕು, ಮೊಬೈಲಿನಲ್ಲಿ ಬರೆದರೂ ಆದೀತು. ತುಡಿತ ಬಂದಾಗಲೆಲ್ಲ, ತಿಂದರೂ ತಿನ್ನದಿದ್ದರೂ, ಒಂದು ಸಾಲು ಬರೆಯಿರಿ: ಹೊತ್ತು, ಎಲ್ಲಿದ್ದಿರಿ, ಹಿಂದಿನ ಊಟ ಎಷ್ಟು ಗಂಟೆಗೆ ಆಗಿತ್ತು, ಹಸಿವಿಗೆ 0ರಿಂದ 10ರೊಳಗೆ ಒಂದು ಅಂಕ, ತುಡಿತಕ್ಕೆ ಇನ್ನೊಂದು ಅಂಕ, ಬೇಕೆನಿಸಿದ್ದು ಏನು, ಅದಕ್ಕೂ ಹತ್ತು ನಿಮಿಷ ಮುಂಚೆ ಏನು ನಡೆದಿತ್ತು. ಏಳು ದಿನಗಳಲ್ಲಿ ಒಂದಾದರೂ ರಜೆಯ ದಿನ ಇರಲಿ, ರಜೆಯ ದಿನದ ತುಡಿತದ ದಾರಿಯೇ ಬೇರೆ.

ಇಲ್ಲಿ ಆಗುವ ತಪ್ಪು ಮೂರು. ರಾತ್ರಿ ಕೂತು ಇಡೀ ದಿನದ್ದನ್ನು ನೆನಪಿನಿಂದ ಬರೆಯುವುದು. ಆಗ "ಹತ್ತು ನಿಮಿಷ ಮುಂಚೆ" ಎಂಬ ಮುಖ್ಯ ವಿವರವೇ ಮರೆತಿರುತ್ತದೆ. ಎರಡನೆಯದು ಸೋತದ್ದನ್ನಷ್ಟೇ ಬರೆಯುವುದು. ತುಡಿತ ತಾನಾಗಿ ಇಳಿದುಹೋದ ಸಲಗಳಿಂದ ಕಲಿಯಲು ಸಿಗುವುದು ಇನ್ನೂ ಹೆಚ್ಚು. ಮೂರನೆಯದು ಕ್ಯಾಲರಿ ಲೆಕ್ಕ ಸೇರಿಸುವುದು. ಸೇರಿಸಿದರೆ ಈ ಪುಸ್ತಕ ತಪ್ಪೊಪ್ಪಿಗೆಯ ಪುಸ್ತಕವಾಗಿ ಮೂರನೆಯ ದಿನಕ್ಕೇ ನಿಲ್ಲುತ್ತದೆ.

ವಾರ ಮುಗಿದ ಮೇಲೆ ಬಣ್ಣದ ಪೆನ್ನು ಹಿಡಿದು ಕೂರಿ. ಹಿಂದಿನ ಊಟ ನಾಲ್ಕು ಗಂಟೆಗೂ ಹಿಂದಿನದಾಗಿದ್ದು ಹಸಿವಿನ ಅಂಕ 6 ದಾಟಿದ ಸಾಲುಗಳಿಗೆ ಒಂದು ಬಣ್ಣ: ಇದು ಊಟದ ತೊಂದರೆ, ಹೆಜ್ಜೆ 3 ನೋಡಿ. ಹಸಿವು ಕಡಿಮೆ, ಆದರೆ ಜಾಗವೂ ಹೊತ್ತೂ ದಿನಾ ಒಂದೇ ಆಗಿರುವ ಸಾಲುಗಳಿಗೆ ಇನ್ನೊಂದು ಬಣ್ಣ: ಇದು ಸೂಚನೆಯ ತೊಂದರೆ, ಹೆಜ್ಜೆ 4. ಮುಂಚಿನ ಹತ್ತು ನಿಮಿಷದಲ್ಲಿ ಜಗಳ, ಬೇಸರ, ಕೆಲಸದ ಒತ್ತಡ, ಒಂಟಿತನ ಕಂಡರೆ ಮೂರನೆಯ ಬಣ್ಣ: ಇದು ಮನಸ್ಸಿನ ತೊಂದರೆ, ಹೆಜ್ಜೆ 4ರ ಕೊನೆ ನೋಡಿ. ಸಾಮಾನ್ಯವಾಗಿ ಒಂದು ಬಣ್ಣ ಎದ್ದು ಕಾಣುತ್ತದೆ. ಅಲ್ಲಿಂದಲೇ ಶುರು ಮಾಡಿ, ಮೂರನ್ನೂ ಒಟ್ಟಿಗೆ ಹಿಡಿಯಬೇಡಿ.

ಹೆಜ್ಜೆ 3: ಊಟದ ಹೊತ್ತನ್ನು ಸರಿಪಡಿಸಿ

ಇಡೀ ಲೇಖನದಲ್ಲಿ ಒಂದೇ ಒಂದನ್ನು ಮಾಡಲು ಬಿಡುವಿದೆ ಎನ್ನುವವರು ಇದನ್ನು ಮಾಡಲಿ.

ದಿನಕ್ಕೆ ಮೂರು ಊಟ, ನಡುವೆ ಎರಡು ಸಣ್ಣ ತಿಂಡಿ. ಎಚ್ಚರವಿರುವ ಹೊತ್ತಿನಲ್ಲಿ ಎರಡು ತಿನ್ನುವಿಕೆಗಳ ನಡುವೆ ನಾಲ್ಕು ಗಂಟೆಗಿಂತ ಹೆಚ್ಚಿನ ಬಿಡುವು ಬೇಡ. ಎದ್ದ ಒಂದೆರಡು ಗಂಟೆಯೊಳಗೆ ಮೊದಲನೆಯದು ಆಗಲಿ. ಹಸಿವಾಗಲೆಂದು ಕಾಯದೆ ಗಡಿಯಾರ ನೋಡಿ ತಿನ್ನಿ. ಬಹುಕಾಲ ಅಡ್ಡಾದಿಡ್ಡಿ ತಿಂದವರಿಗೆ ಹಸಿವಿನ ಸುಳಿವು ಸರಿಯಾಗಿ ಹತ್ತುವುದಿಲ್ಲ, ಅದು ಮರಳಲು ವಾರಗಳು ಬೇಕಾಗುತ್ತವೆ. ಪ್ರತಿ ಊಟದಲ್ಲೂ ಕಾಳು, ಮೊಟ್ಟೆ, ಮೊಸರು, ಮೀನು, ಮಾಂಸದಂಥ ಪ್ರೋಟೀನಿನ ಒಂದು ಪಾಲು, ನಾರಿನಂಶವಿರುವ ತರಕಾರಿ ಅಥವಾ ಹಣ್ಣಿನ ಪಾಲು, ಧಾನ್ಯದ ಪಾಲು ಇರಲಿ. ಧಾನ್ಯವನ್ನು ಪೂರ್ತಿ ಬಿಟ್ಟವರಿಗೆ ಸಂಜೆಯ ಸಿಹಿಯ ತುಡಿತ ಹೆಚ್ಚುವುದು ಸಾಮಾನ್ಯ.

ಇದಕ್ಕೆ ಇಷ್ಟೊಂದು ಒತ್ತು ಕೊಡುವುದಕ್ಕೆ ಕಾರಣಗಳಿವೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಗಂಡಸರನ್ನು, ಅವರ ಒಪ್ಪಿಗೆಯಿಂದಲೇ, 24 ವಾರ ಅರೆಹೊಟ್ಟೆಯಲ್ಲಿ ಇಟ್ಟು ನೋಡಿದರು. ಕೆಲವೇ ವಾರಗಳಲ್ಲಿ ಅವರ ಮಾತು, ಯೋಚನೆ, ಕನಸು ಎಲ್ಲವೂ ಊಟದ ಸುತ್ತಲೇ ಸುತ್ತತೊಡಗಿದವು. ಕೆಲವರು ಅಡುಗೆ ಪುಸ್ತಕ ಕೂಡಿಟ್ಟರು. ಮತ್ತೆ ಬೇಕಾದಷ್ಟು ಸಿಕ್ಕಾಗ ಎಷ್ಟು ತಿಂದರೂ ತೃಪ್ತಿಯಾಗದ ಸ್ಥಿತಿ ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯಿತು. ಪ್ರಯೋಗಕ್ಕೆ ಮುಂಚೆ ಅವರಾರಿಗೂ ಇಂಥ ಗೀಳಿರಲಿಲ್ಲ.

ಇಲಿಗಳ ಪ್ರಯೋಗಗಳೂ ಇದನ್ನೇ ಹೇಳುತ್ತವೆ. ಸಕ್ಕರೆ ನೀರಿಗೆ ಇಲಿಗಳು ಚಟಕ್ಕೆ ಬಿದ್ದಂತೆ ಮುಗಿಬೀಳುತ್ತವೆ ಎಂಬ ಸುದ್ದಿಯನ್ನು ಕೇಳಿರುತ್ತೀರಿ. ಆ ಪ್ರಯೋಗಗಳಲ್ಲಿ ಇಲಿಗಳನ್ನು ದಿನಕ್ಕೆ 12 ಗಂಟೆ ಉಪವಾಸ ಕೆಡವಿ, ಆಮೇಲೆ ಸಕ್ಕರೆ ನೀರು ಇಡುತ್ತಿದ್ದರು. ಸಕ್ಕರೆ ನೀರು ಸದಾ ಎದುರಿಗಿದ್ದ ಇಲಿಗಳಲ್ಲಿ ಆ ಮುಗಿಬೀಳುವಿಕೆ ಕಾಣಲಿಲ್ಲ. ದಿನವಿಡೀ ಹಸಿದಿದ್ದು ರಾತ್ರಿ ಸಿಹಿಯ ಮುಂದೆ ಕೂರುವ ಮನುಷ್ಯನೂ ಆ ಮೊದಲ ಗುಂಪಿನ ಪಾಡನ್ನೇ ಪಡುತ್ತಿರುತ್ತಾನೆ.

ಎಡವಟ್ಟಾಗುವುದು ಸಾಮಾನ್ಯವಾಗಿ ಬೆಳಿಗ್ಗೆ. "ನಿನ್ನೆ ರಾತ್ರಿ ಜಾಸ್ತಿಯಾಯಿತು" ಎಂದು ಬೆಳಗಿನದನ್ನು ಬಿಟ್ಟು ಮಧ್ಯಾಹ್ನ ಅರ್ಧ ಉಂಡರೆ ಸಂಜೆ ಆರಕ್ಕೆ ಮತ್ತೆ ಅದೇ ಕತೆ. ರಾತ್ರಿ ಎಷ್ಟೇ ತಿಂದಿದ್ದರೂ ಬೆಳಗಿನ ಊಟವನ್ನು ಅದರ ಹೊತ್ತಿಗೆ ಮಾಡಿ. ಬೇಕಾದರೆ ಪ್ರಮಾಣ ಸ್ವಲ್ಪ ಕಡಿಮೆ ಇರಲಿ, ತಪ್ಪಿಸಬೇಡಿ. ಮೊದಲ ವಾರ ತೂಕ ಏರೀತೆಂಬ ಭಯ ಕಾಡುತ್ತದೆ. ಅಷ್ಟಕ್ಕೇ ಬಿಟ್ಟುಬಿಡುವವರು ಬಹಳ. ಎರಡರಿಂದ ಮೂರು ವಾರ ಹಿಡಿದ ಪಟ್ಟು ಬಿಡದೆ ನೋಡಿ, ನಿಮ್ಮ ನೋಟ್‌ಬುಕ್ಕಿನ ಮೊದಲ ಬಣ್ಣದ ಸಾಲುಗಳು ಎಷ್ಟು ಉಳಿದಿವೆ ಎಂದು ಎಣಿಸಿ.

ನಿದ್ದೆಯನ್ನೂ ಇಲ್ಲೇ ಸೇರಿಸಬೇಕು. 2004ರ ಒಂದು ಅಧ್ಯಯನದಲ್ಲಿ 12 ಯುವಕರು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿದಾಗ, ಹತ್ತು ಗಂಟೆ ಮಲಗಿದ ದಿನಗಳಿಗೆ ಹೋಲಿಸಿದರೆ, ಹಸಿವು ಸುಮಾರು 24 ಶೇಕಡ ಏರಿತು. ಅದರಲ್ಲೂ ಸಿಹಿ, ಉಪ್ಪು, ಪಿಷ್ಟದ ತಿನಿಸುಗಳ ಆಸೆ ಹೆಚ್ಚಿತು. ರಾತ್ರಿ ಹನ್ನೊಂದಕ್ಕೆ ಬರುವ ತುಡಿತಕ್ಕೆ ಹಾಸಿಗೆಯೇ ಮದ್ದಾಗಿರುವುದು ಅಪರೂಪವೇನಲ್ಲ.

ಹೆಜ್ಜೆ 4: ಕಣ್ಣೆದುರಿನದನ್ನು ಸರಿಸಿ

ಸಕ್ಕರೆ ಮಾತ್ರ ಅಥವಾ ಕೊಬ್ಬು ಮಾತ್ರ ಇರುವ ಆಹಾರಕ್ಕಿಂತ ಎರಡೂ ಬೆರೆತದ್ದು ಮಿದುಳನ್ನು ಹೆಚ್ಚು ಸೆಳೆಯುತ್ತದೆ. ಚಾಕೊಲೇಟ್, ಐಸ್‌ಕ್ರೀಂ, ಚಿಪ್ಸ್, ಕೇಕ್, ಪಿಜ್ಜಾ ಎಲ್ಲದರಲ್ಲೂ ಕೊಬ್ಬಿನ ಜೊತೆ ಸಕ್ಕರೆಯೋ ಮೈದಾದಂಥ ಪಿಷ್ಟವೋ ಇದೆ. ಪ್ರಕೃತಿಯಲ್ಲಿ ಈ ಜೋಡಿ ಬಹಳ ಅಪರೂಪ. ತಾಯಿಯ ಹಾಲು ಅಂಥ ಒಂದು ಉದಾಹರಣೆ. ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ತಿನಿಸಿನ ಸೆಳೆತ ಎಷ್ಟೆಂಬುದನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ 2019ರಲ್ಲಿ ತೋರಿಸಿದರು. 20 ಜನರಿಗೆ ಎರಡು ವಾರ ಅಂಥ ಊಟ, ಎರಡು ವಾರ ಹೆಚ್ಚು ಸಂಸ್ಕರಿಸದ ಊಟ. ಬಡಿಸಿದ ಕ್ಯಾಲರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸರಿಸಮ, ಬೇಕಾದಷ್ಟು ತಿನ್ನಬಹುದು. ಸಂಸ್ಕರಿಸಿದ್ದನ್ನು ತಿಂದ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕಿಲೋಕ್ಯಾಲರಿ ಹೆಚ್ಚು ತಿಂದರು, ಇನ್ನೂ ಬೇಗಬೇಗ ತಿಂದರು, ಸರಾಸರಿ 0.9 ಕಿಲೋ ತೂಕ ಏರಿಸಿಕೊಂಡರು.

ಹಾಗಾಗಿ ನಿಮ್ಮನ್ನು ಕಾಡುವ ಒಂದೆರಡು ತಿನಿಸುಗಳನ್ನು ಮಾತ್ರ ಗುರುತಿಸಿ, ಇಡೀ ಅಡುಗೆಮನೆಯನ್ನು ಖಾಲಿ ಮಾಡಬೇಡಿ. ಆ ಒಂದೆರಡನ್ನು ದೊಡ್ಡ ಪೊಟ್ಟಣದಲ್ಲಿ ತರುವುದನ್ನು ನಿಲ್ಲಿಸಿ. ಮನೆಯ ಬೇರೆಯವರಿಗೆ ಬೇಕೆಂದರೆ ಕಾಣದ ಡಬ್ಬಿಯಲ್ಲಿ, ಕೈಗೆಟುಕದ ಕಪಾಟಿನಲ್ಲಿ ಇಡಲು ಹೇಳಿ. ಪೊಟ್ಟಣದಿಂದ ನೇರವಾಗಿ ತಿನ್ನದೆ ಬಟ್ಟಲಿಗೆ ಸುರಿದುಕೊಂಡು, ಪೊಟ್ಟಣ ಮುಚ್ಚಿ ಒಳಗಿಟ್ಟ ಮೇಲೆ ಕೂತು ತಿನ್ನಿ. ಊಟ ತರಿಸುವ ಆ್ಯಪ್‌ಗಳ ಸೂಚನೆಗಳನ್ನು ಬಂದ್ ಮಾಡಿ, ಉಳಿಸಿಟ್ಟ ಕಾರ್ಡಿನ ವಿವರವನ್ನು ಅಳಿಸಿ. ಹದಿನಾರು ಅಂಕಿ ಒತ್ತಬೇಕಾದ ಆ ಎರಡು ನಿಮಿಷವೂ ಒಂದು ತಡೆಯೇ. ಟಿವಿಯ ಮುಂದಿನ ತುಡಿತಕ್ಕೆ ಕುರ್ಚಿ ಬದಲಿಸುವುದು, ಕೈಗೆ ಹೊಲಿಗೆಯಂಥ ಕೆಲಸ ಕೊಡುವುದು ಚಿಕ್ಕದಾಗಿ ಕಂಡರೂ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಹಳೆಯ ಪಾಠದಲ್ಲಿ ಆ ಕುರ್ಚಿಯೂ ಒಂದು ಭಾಗ.

ಮೂರನೆಯ ಬಣ್ಣದವರಿಗೆ, ಅಂದರೆ ಮನಸ್ಸು ಕೆಟ್ಟಾಗ ತಿನ್ನುವವರಿಗೆ, "ಸ್ನಾನ ಮಾಡಿ, ಹಾಡು ಕೇಳಿ" ಎಂಬ ಸಲಹೆ ಸುಲಭ. ಅದು ಕೆಲಸ ಮಾಡಬೇಕಾದರೆ ಆ ತಿನಿಸು ನಿಮಗೆ ಏನನ್ನು ಕೊಡುತ್ತಿತ್ತು ಎಂದು ಮೊದಲು ತಿಳಿಯಬೇಕು. ಕೆಲಸದಿಂದ ಎದ್ದುಹೋಗಲು ಸಿಗುವ ಒಂದೇ ನೆಪ ಅದಾಗಿದ್ದರೆ ನಿಮಗೆ ಬೇಕಿರುವುದು ಬಿಡುವು. ದಿನವಿಡೀ ಇತರರಿಗಾಗಿ ದುಡಿದು ರಾತ್ರಿ ತನಗೆಂದು ಉಳಿಯುವ ಏಕೈಕ ಸುಖ ಅದಾಗಿದ್ದರೆ ಸಂಜೆಯಲ್ಲಿ ಅರ್ಧ ಗಂಟೆ ನಿಮ್ಮದಾಗಬೇಕು, ಅದನ್ನು ಮನೆಯವರೊಡನೆ ಮಾತಾಡಿಯೇ ಪಡೆಯಬೇಕು.

ಹೆಜ್ಜೆ 5: ತುಡಿತ ಏರಿದ ಹೊತ್ತಿನ ಹದಿನೈದು ನಿಮಿಷ

ತುಡಿತ ಅಲೆಯಂತೆ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ತಿನ್ನದಿದ್ದರೆ ಅದು ಏರುತ್ತಲೇ ಹೋಗುತ್ತದೆ ಎಂಬ ಭಯದಿಂದಲೇ ಬಹಳಷ್ಟು ಜನ ತುದಿ ಬರುವ ಮುಂಚೆಯೇ ಕೈಚೆಲ್ಲುತ್ತಾರೆ.

ಮೊಬೈಲಿನಲ್ಲಿ 15 ನಿಮಿಷದ ಟೈಮರ್ ಇಡಿ. ಮನಸ್ಸಿಗೆ ಹೇಳುವ ಮಾತು "ಎಂದೆಂದಿಗೂ ಇಲ್ಲ" ಎಂದಿರದೆ "ಹದಿನೈದು ನಿಮಿಷ ಆದಮೇಲೆ ನೋಡೋಣ" ಎಂದಿರಲಿ. ಆ ಜಾಗದಿಂದ ಎದ್ದುಬಿಡಿ. ಮೊದಲ ಎರಡು ನಿಮಿಷ ತುಡಿತ ಮೈಯಲ್ಲಿ ಎಲ್ಲಿದೆ ಎಂದು ಗಮನಿಸಿ: ಬಾಯಲ್ಲಿ ನೀರೂರಿದೆಯೇ, ಗಂಟಲು ಬಿಗಿದಿದೆಯೇ, ಕೈ ಚಡಪಡಿಸುತ್ತಿದೆಯೇ. ಅಂಕ ಕೊಡಿ, 10ಕ್ಕೆ 8 ಎಂದುಕೊಳ್ಳಿ. ಅದರೊಡನೆ ಗುದ್ದಾಡಬೇಡಿ, ಅದು ಹೇಳಿದ್ದನ್ನು ಮಾಡಲೂ ಬೇಡಿ. ಕುಡಿತ, ಧೂಮಪಾನ ಬಿಡುವವರಿಗಾಗಿ ಅಲನ್ ಮಾರ್ಲಟ್ ರೂಪಿಸಿದ ಅಲೆ ಸವಾರಿಯ ವಿಧಾನ ಇದೇ.

ಉಳಿದ ಹೊತ್ತಿನಲ್ಲಿ ಕಣ್ಣಿಗೂ ಕೈಗೂ ಕೆಲಸ ಕೊಡಿ. ಯಾವುದೋ ಕೆಲಸ ಆದರೆ ಸಾಲದು. ಕವಾನಾ, ಆಂಡ್ರೇಡ್ ಮತ್ತು ಮೇ 2005ರಲ್ಲಿ ಮುಂದಿಟ್ಟ ವಿವರಣೆಯಂತೆ, ಎಲ್ಲಿಂದಲೋ ನುಗ್ಗಿದ ಒಂದು ಯೋಚನೆಗೆ ನಾವು ಬಣ್ಣ, ವಾಸನೆ, ರುಚಿ ಸೇರಿಸಿ ಚಿತ್ರ ಬರೆಯುತ್ತಾ ಹೋದಾಗ ತುಡಿತ ಬಲಿಯುತ್ತದೆ. ಆ ಚಿತ್ರ ಬರೆಯಲು ಬೇಕಾದ ಮನಸ್ಸಿನ ಜಾಗವನ್ನು ಬೇರೆ ಚಿತ್ರ ಆಕ್ರಮಿಸಿಕೊಂಡರೆ ತುಡಿತ ಸೊರಗುತ್ತದೆ. ಟೆಟ್ರಿಸ್ ಎಂಬ ಇಟ್ಟಿಗೆ ಜೋಡಿಸುವ ಆಟವನ್ನು ಮೂರು ನಿಮಿಷ ಆಡಿದಾಗ ತುಡಿತ ಇಳಿದದ್ದನ್ನು ಇದೇ ತಂಡದವರು ಪ್ರಯೋಗದಲ್ಲಿ ಕಂಡರು. ಜಿಗ್‌ಸಾ, ಚಿತ್ರ ಬಿಡಿಸುವುದು, ಜೇಡಿಮಣ್ಣಿನಲ್ಲಿ ಆಕಾರ ಮಾಡುವುದು, ನಿಮಗೆ ಪ್ರಿಯವಾದ ಒಂದು ಜಾಗವನ್ನು ಮೂಲೆಮೂಲೆಯೂ ಕಾಣುವಂತೆ ಕಲ್ಪಿಸಿಕೊಳ್ಳುವುದು ಇದೇ ಜಾತಿಯವು. ಹದಿನೈದು ನಿಮಿಷದ ಬಿರುಸಿನ ನಡಿಗೆ ಚಾಕೊಲೇಟಿನ ತುಡಿತವನ್ನು ಇಳಿಸುತ್ತದೆಂಬುದೂ ಪ್ರಯೋಗಗಳಲ್ಲಿ ಕಂಡಿದೆ. ರೀಲ್ಸ್ ನೋಡುವುದನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. ಎರಡು ಬೆರಳೆಳೆತಕ್ಕೆ ಮತ್ತೊಂದು ತಿನಿಸಿನ ವಿಡಿಯೋ ಬಂದು ನಿಲ್ಲುತ್ತದೆ.

"ಅದರ ಬಗ್ಗೆ ಯೋಚಿಸಲೇಬಾರದು" ಎಂದು ಹಟ ಹಿಡಿಯುವುದು ಕೆಲಸಕ್ಕೆ ಬಾರದು. 1987ರಲ್ಲಿ ಡೇನಿಯಲ್ ವೆಗ್ನರ್ ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಜನರಿಗೆ ಹೇಳಿ ಕೂರಿಸಿದಾಗ ಅದೇ ಮತ್ತೆಮತ್ತೆ ನೆನಪಾಯಿತು. ತಡೆ ತೆಗೆದ ಮೇಲಂತೂ ಇನ್ನೂ ಹೆಚ್ಚು ಬಂತು.

ಟೈಮರ್ ಬಡಿದಾಗ ಮತ್ತೆ ಅಂಕ ಕೊಡಿ. 8 ಇದ್ದದ್ದು 4 ಆಗಿದ್ದರೆ ಬಿಟ್ಟು ನಡೆಯಿರಿ. ಇನ್ನೂ 8ರಲ್ಲೇ ಇದ್ದರೆ ತಿನ್ನಿ, ಆದರೆ ತಿನ್ನುವ ಹಾಗೆ ತಿನ್ನಿ: ಒಂದು ಪಾಲನ್ನು ತಟ್ಟೆಗೆ ಹಾಕಿ, ಕೂತು, ಮೊಬೈಲ್ ದೂರವಿಟ್ಟು, ಒಂದೊಂದು ತುತ್ತನ್ನೂ ಸವಿದು. ಕದ್ದು, ನಿಂತು, ನುಂಗಿದ್ದರಲ್ಲಿ ರುಚಿಯೂ ಇಲ್ಲ, ತೃಪ್ತಿಯೂ ಇಲ್ಲ.

ಹೆಜ್ಜೆ 6: ತಪ್ಪಿದ ದಿನ

1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಮಿಲ್ಕ್‌ಶೇಕ್ ಕುಡಿಸಿ, ಕೆಲವರಿಗೆ ಕುಡಿಸದೆ, ಆಮೇಲೆ ರುಚಿ ನೋಡುವ ನೆಪದಲ್ಲಿ ಎಲ್ಲರಿಗೂ ಐಸ್‌ಕ್ರೀಂ ಕೊಟ್ಟರು. ಪಥ್ಯದ ಗೊಡವೆಯಿಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮನ್ನು ಕಡಿಮೆ ತಿಂದರು. ಸದಾ ಪಥ್ಯದಲ್ಲಿರುವವರು ಮಿಲ್ಕ್‌ಶೇಕ್ ಕುಡಿದ ಮೇಲೆಯೇ ಹೆಚ್ಚು ತಿಂದರು. ವ್ರತ ಹೇಗೂ ಮುರಿಯಿತು, ಇನ್ನು ಎಷ್ಟಾದರೇನು ಎಂಬ ಭಾವ ಅದು. ಕೇಡು ಮಾಡಿದ್ದು ಮೊದಲ ಲೋಟವಲ್ಲ, ಅದರ ಬೆನ್ನಿಗೆ ಬಂದ ಆ ತೀರ್ಮಾನ.

ಆದ್ದರಿಂದ ತಪ್ಪಿದ ದಿನ ಮಾಡಬೇಕಾದದ್ದು ಇಷ್ಟೇ: ಮುಂದಿನ ಊಟವನ್ನು ಅದರ ಹೊತ್ತಿಗೆ ಮಾಡುವುದು, ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯುವುದು. ಉಪವಾಸ, ಹೆಚ್ಚುವರಿ ವ್ಯಾಯಾಮ, "ನಾಳೆಯಿಂದ ಕಟ್ಟುನಿಟ್ಟು" ಯಾವುದೂ ಬೇಡ.

ಇದನ್ನು ಚಟ ಎನ್ನಬಹುದೇ?

ಆಹಾರದ ಚಟ ಎಂಬ ಮಾತು ವೈದ್ಯಕೀಯ ಬರಹದಲ್ಲಿ 1956ರಷ್ಟು ಹಿಂದೆಯೇ ಥೆರನ್ ರಾಂಡಾಲ್ಫ್ ಅವರಲ್ಲಿ ಸಿಗುತ್ತದೆ. ಅದನ್ನು ಅಳೆಯಲು ಯೇಲ್ ವಿಶ್ವವಿದ್ಯಾಲಯದಲ್ಲಿ ಆಶ್ಲಿ ಗಿಯರ್‌ಹಾರ್ಟ್ ಮತ್ತು ಜೊತೆಗಾರರು 2009ರಲ್ಲಿ 25 ಪ್ರಶ್ನೆಗಳ ಮಾಪಕ ರೂಪಿಸಿದರು. 2016ರ ಪರಿಷ್ಕೃತ ರೂಪದಲ್ಲಿ 35 ಪ್ರಶ್ನೆಗಳಿವೆ. ಮದ್ಯ, ಮಾದಕವಸ್ತುಗಳ ಚಟವನ್ನು ಗುರುತಿಸುವ 11 ಲಕ್ಷಣಗಳನ್ನೇ ಅದು ತಿನಿಸಿಗೆ ಅನ್ವಯಿಸಿ ಕೇಳುತ್ತದೆ: ಅಂದುಕೊಂಡದ್ದಕ್ಕಿಂತ ಹೆಚ್ಚು ತಿನ್ನುವುದು, ಬಿಡಲು ಯತ್ನಿಸಿ ಸೋಲುವುದು, ತಿನ್ನಲು ಮತ್ತು ಚೇತರಿಸಿಕೊಳ್ಳಲು ಬಹಳ ಹೊತ್ತು ಕಳೆಯುವುದು, ಕೇಡು ತಿಳಿದೂ ಮುಂದುವರಿಸುವುದು, ಇತ್ಯಾದಿ. ಕನಿಷ್ಠ ಎರಡು ಲಕ್ಷಣವಿದ್ದು, ಜೊತೆಗೆ ಅದರಿಂದ ನಿತ್ಯದ ಬದುಕಿಗೆ ತೊಂದರೆ ಅಥವಾ ತೀವ್ರ ಸಂಕಟವೂ ಇದ್ದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಲಕ್ಷಣಗಳು 2-3 ಇದ್ದರೆ ಸೌಮ್ಯ, 4-5 ಇದ್ದರೆ ಮಧ್ಯಮ, 6 ಅಥವಾ ಹೆಚ್ಚಿದ್ದರೆ ತೀವ್ರ.

ಹಾಗಿದ್ದರೂ, ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಡಿಎಸ್‌ಎಂ-5 ಕೈಪಿಡಿಯಲ್ಲಿ ಆಹಾರದ ಚಟ ಎಂಬ ರೋಗನಿರ್ಣಯವಿಲ್ಲ. ಅಲ್ಲಿರುವುದು ಬಿಂಜ್ ಈಟಿಂಗ್ ಡಿಸಾರ್ಡರ್, ಅಂದರೆ ಹಿಡಿತ ತಪ್ಪಿ ಮಿತಿಮೀರಿ ತಿನ್ನುವ ಕಾಯಿಲೆ. ಚಟ ಎನ್ನುವವರು ಮಿದುಳಿನ ಹೋಲಿಕೆಯನ್ನೂ ಜನರ ನಿಜವಾದ ಸಂಕಟವನ್ನೂ ಮುಂದಿಡುತ್ತಾರೆ. ಒಪ್ಪದವರು, ಮದ್ಯದ ಹಾಗೆ ಇಂಥದೇ ವಸ್ತು ಎಂದು ಬೆರಳು ತೋರಲಾಗುವುದಿಲ್ಲ, ಊಟ ಬಿಟ್ಟು ಬದುಕಲಾಗುವುದಿಲ್ಲ, ಬಹಳಷ್ಟು ಲಕ್ಷಣಗಳು ಪಥ್ಯದಿಂದಲೇ ಹುಟ್ಟಿದವು ಎನ್ನುತ್ತಾರೆ.

ಓದುಗರಿಗೆ ಈ ವಾದ ಮುಖ್ಯವಾಗುವುದು ಒಂದೇ ಕಾರಣಕ್ಕೆ. ಚಟ ಎಂದು ಒಪ್ಪಿದ ಕೂಡಲೇ "ಸಕ್ಕರೆ, ಮೈದಾ ಪೂರ್ತಿ ಬಂದ್" ಎಂಬ ದಾರಿ ಹಿಡಿಯುವವರಿದ್ದಾರೆ. ಕೆಲವರಿಗೆ ಒಂದೋ ಎರಡೋ ತಿನಿಸನ್ನು ಮನೆಗೇ ತರದಿರುವುದು ನಿಜಕ್ಕೂ ನೆಮ್ಮದಿ ಕೊಡುತ್ತದೆ, ಕೊಡುತ್ತಿದ್ದರೆ ಹಾಗೇ ನಡೆಸಿ. ಆದರೆ ನಿಷೇಧದ ಪಟ್ಟಿ ಬೆಳೆಯುತ್ತಾ ಹೋಗಿ, ಅದನ್ನು ಮೀರಿದ ದಿನವೆಲ್ಲ ಮಿತಿಮೀರಿ ತಿನ್ನುವ ದಿನವಾಗುತ್ತಿದ್ದರೆ ಆ ಪಟ್ಟಿಯೇ ರೋಗಕ್ಕೆ ನೀರೆರೆಯುತ್ತಿದೆ. ಮೊದಲು ಹೆಜ್ಜೆ 3ನ್ನು ಒಂದು ತಿಂಗಳು ಮಾಡಿ ನೋಡದೆ ಯಾರೂ ತಮಗೆ ಚಟವಿದೆ ಎಂಬ ತೀರ್ಮಾನಕ್ಕೆ ಬರಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ವೈದ್ಯರ ಬಳಿ ಯಾವಾಗ, ಹೇಗೆ

ಎರಡು ಗಂಟೆಯೊಳಗೆ, ಬೇರೆಯವರು ಅಷ್ಟೇ ಹೊತ್ತಿನಲ್ಲಿ ತಿನ್ನುವುದಕ್ಕಿಂತ ಬಹಳ ಹೆಚ್ಚು ತಿಂದು, ತಿನ್ನುವಾಗ ನಿಲ್ಲಿಸಲು ಆಗುತ್ತಲೇ ಇಲ್ಲ ಎನಿಸುವ ಪ್ರಸಂಗ ವಾರಕ್ಕೆ ಒಮ್ಮೆಯಾದರೂ, ಮೂರು ತಿಂಗಳಿಂದ ನಡೆಯುತ್ತಿದೆಯೇ? ಬೇಗಬೇಗ ತಿನ್ನುವುದು, ಹೊಟ್ಟೆ ನೋಯುವಷ್ಟು ತಿನ್ನುವುದು, ಹಸಿವಿಲ್ಲದೆ ತಿನ್ನುವುದು, ನಾಚಿಕೆಯಿಂದ ಒಬ್ಬರೇ ತಿನ್ನುವುದು, ಆಮೇಲೆ ತನ್ನ ಮೇಲೇ ಹೇಸಿಗೆ ಪಡುವುದು, ಇವುಗಳಲ್ಲಿ ಮೂರಾದರೂ ಇವೆಯೇ? ಅದಕ್ಕಾಗಿ ಬಹಳ ಸಂಕಟಪಡುತ್ತಿದ್ದೀರಾ? ಇದ್ದರೆ ಅದು ಚಿಕಿತ್ಸೆ ಇರುವ ಕಾಯಿಲೆ. ತೂಕ ಎಷ್ಟೇ ಇರಲಿ, ಇದು ಬರಬಹುದು. ತಿಂದದ್ದನ್ನು ವಾಂತಿ, ಭೇದಿಮಾತ್ರೆ, ಉಪವಾಸದಿಂದ ಸರಿದೂಗಿಸುತ್ತಿದ್ದರೆ ಮೂರು ತಿಂಗಳು ಕಾಯುವುದೂ ಬೇಡ. ಪದೇಪದೇ ವಾಂತಿಯಿಂದ ರಕ್ತದ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು.

ಹೊಸದಾಗಿ ಶುರುವಾದ ತುಡಿತಕ್ಕೆ ಔಷಧಿಯೂ ಕಾರಣವಾಗಿರಬಹುದು. ಪ್ರೆಡ್ನಿಸೊಲೋನ್‌ನಂಥ ಸ್ಟಿರಾಯ್ಡ್, ಮಾನಸಿಕ ಕಾಯಿಲೆಗಳಿಗೆ ಕೊಡುವ ಓಲಾಂಜಪೈನ್, ಮಿರ್ಟಾಜಪೈನ್ ಹಸಿವನ್ನು ಏರಿಸುತ್ತವೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಮಿಪೆಕ್ಸೋಲ್‌ನಿಂದ ಕೆಲವರಲ್ಲಿ ತಡೆಯಲಾಗದ ತಿನ್ನುವಿಕೆ ಕಾಣಿಸಿಕೊಳ್ಳುತ್ತದೆ. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ, ಚೀಟಿಯನ್ನು ಜೊತೆಗೆ ಕೊಂಡೊಯ್ಯಿರಿ. ಹಿಮೋಗ್ಲೋಬಿನ್, ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್, ರಕ್ತದ ಸಕ್ಕರೆ, ಥೈರಾಯ್ಡ್ ಪರೀಕ್ಷೆಗಳ ಅಗತ್ಯವಿದೆಯೇ ಎಂದು ಕೇಳಿ.

ಮಿತಿಮೀರಿ ತಿನ್ನುವ ಕಾಯಿಲೆಗೆ ಮೊದಲ ಚಿಕಿತ್ಸೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ. ಅದರ ಮೊದಲ ವಾರಗಳಲ್ಲಿ ಮಾಡಿಸುವುದೂ ದಾಖಲೆ ಬರೆಯುವುದು ಮತ್ತು ಹೊತ್ತಿಗೆ ಸರಿಯಾಗಿ ತಿನ್ನುವುದನ್ನೇ. ಲಿಸ್‌ಡೆಕ್ಸಾಂಫೆಟಮೈನ್ ಎಂಬ ಔಷಧಿಗೆ ಅಮೆರಿಕದಲ್ಲಿ 2015ರಲ್ಲಿ ಈ ಕಾಯಿಲೆಗಾಗಿ ಮಾನ್ಯತೆ ಸಿಕ್ಕಿದೆ. ಅದರದೇ ದುರ್ಬಳಕೆಯ ಅಪಾಯವಿರುವುದರಿಂದ ತಜ್ಞರ ನಿಗಾ ಬೇಕೇ ಬೇಕು. ಚಿಕಿತ್ಸೆ ನಡೆಯುವಾಗ ತೂಕ ಇಳಿಸುವ ಪಥ್ಯವನ್ನು ಬದಿಗಿಡಲು ಹೇಳುತ್ತಾರೆ, ಅದು ಮತ್ತೆ ಹಿಡಿತ ತಪ್ಪಿಸುತ್ತದೆ ಎಂಬ ಕಾರಣಕ್ಕೆ.

ಮೊದಲ ಭೇಟಿಯಲ್ಲಿ ಬಾಯಿ ಕಟ್ಟಿದಂತಾಗಿ ಬರೀ "ತೂಕ ಜಾಸ್ತಿಯಾಗಿದೆ" ಎಂದು ಹೇಳಿ ಬರುವವರು ಬಹಳ. ಹಾಗೆ ಹೇಳಿದರೆ ಸಿಗುವುದು ಒಂದು ಪಥ್ಯದ ಚೀಟಿ. ಬದಲಿಗೆ ನಿಮ್ಮ ಏಳು ದಿನದ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು, "ವಾರದಲ್ಲಿ ಇಷ್ಟು ಸಲ ನನಗೆ ತಿನ್ನುವುದನ್ನು ನಿಲ್ಲಿಸಲು ಆಗುತ್ತಿಲ್ಲ" ಎಂದು ಹೇಳಿ. ಮಾತು ಹೊರಡದಿದ್ದರೆ ಆ ಸಾಲನ್ನು ಮೊದಲ ಪುಟದಲ್ಲೇ ಬರೆದು ತೋರಿಸಿ.